ಬರದ ಕಾಮಗಾರಿಯಿಂದ ಉದ್ಯೋಗ ಖಾತ್ರಿಗೆ

ಕಾಸರಗೋಡಿನಲ್ಲಿ ತೊಳಿಲುರಪ್ಪು, ತಾಳವಾಡಿಯಲ್ಲಿ ನೂರು ದಿನದ ಕೆಲಸ, ಮಡಕಶಿರಾದಲ್ಲಿ ಉಪಾಧಿ ಹಾಮೀ, ಜತ್ತದಲ್ಲಿ ರೋಜಗಾರ ಹಮಿ. ಹೆಸರು ನಾಲ್ಕಾದರೂ ಯೋಜನೆ ಒಂದೇ. ಅದು ಬೆಳೆದದ್ದೂ ನಮ್ಮ ಗಡಿಯ ಆಸುಪಾಸಿನಲ್ಲೇ.

1972ರ ಬರವನ್ನು ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಹಿರಿಯರು ಮರೆತಿಲ್ಲ. ಜಲ್ಲಿ ಒಡೆಯುವ, ಕೆರೆ ತೋಡುವ ಬರದ ಕಾಮಗಾರಿ ಸರ್ಕಾರ ತೆರೆದರೆ ಉಂಟು, ಮುಚ್ಚಿದರೆ ಇಲ್ಲ ಎನ್ನುವಂತಿತ್ತು. ಕೆಲಸ ಕೇಳಿದವರಿಗೆ ಕೊಡಲೇಬೇಕು ಎಂಬ ಯೋಜನೆಯನ್ನು ರೂಪಿಸಿದವರು ಸಾಂಗಲಿ ಜಿಲ್ಲೆಯವರೇ ಆದ ವಿ. ಎಸ್. ಪಾಗೆ. ಅವರಾಗ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. 1977ರಲ್ಲಿ ಅದು ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ದಿನಗಳ ಮಿತಿ ಇರಲಿಲ್ಲ. ಹಣ ಹೊಂದಿಸಲು ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಿದರು. ಮುಂಬಯಿಯ ಸಂಬಳದಲ್ಲಿ ಜತ್ತದ ಕೂಲಿಗೂ ಪಾಲು! ಆ ಕಾಯ್ದೆಯಲ್ಲಿ ನಮಗೆ ಬಹಳ ಹಿಡಿಸುವ ಅಂಶ ಇದೇ.

ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. 2006ರ ಫೆಬ್ರವರಿ 2ರಂದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ರಾಯದುರ್ಗ, ಮಡಕಶಿರಾ ಆಗ ಅದೇ ಜಿಲ್ಲೆಯಲ್ಲಿದ್ದವು. ಮೊದಲ 200 ಜಿಲ್ಲೆಗಳಲ್ಲಿ ವಯನಾಡೂ ಇತ್ತು. ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ. ಅರ್ಜಿ ಕೊಟ್ಟು 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ.

ಆ 15 ದಿನದ ಲೆಕ್ಕಕ್ಕೆ ಆಧಾರ ತಾರೀಕು ಹಾಕಿದ ರಸೀದಿ. ನಮ್ಮವರು ಎಡವುವುದು ಇಲ್ಲಿಯೇ. ಅರ್ಜಿ ಮರಾಠಿಯಲ್ಲೋ ಮಲಯಾಳದಲ್ಲೋ ಇರುತ್ತದೆ. ಓದಲಾಗದೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ, ರಸೀದಿ ಕೇಳುವುದಿಲ್ಲ. ಯಾವತ್ತು ಕೆಲಸ ಕೇಳಿದಿರಿ ಎಂದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

2023ರ ಜನವರಿಯಿಂದ ಮೊಬೈಲಿನಲ್ಲಿ ಫೋಟೊ ಹಾಜರಿ, 2024ರ ಜನವರಿಯಿಂದ ಆಧಾರ್ ಮೂಲಕವೇ ಕೂಲಿ ಪಾವತಿ ಕಡ್ಡಾಯವಾದವು. ಸೋರಿಕೆ ತಡೆಯುವುದು ಒಳ್ಳೆಯದೇ. ಆದರೆ ಜಾಬ್ ಕಾರ್ಡಿನಲ್ಲಿ ಮಲ್ಲವ್ವ, ಆಧಾರ್‌ನಲ್ಲಿ ಮಲ್ಲಮ್ಮ ಎಂದಿದ್ದರೆ ಕೂಲಿ ತಡೆಯಾಗಬಹುದು. ಹೆಸರು ಒಂದು ಲಿಪಿಯಿಂದ ಇನ್ನೊಂದಕ್ಕೆ ಹೋಗುವ ನಮ್ಮ ಊರುಗಳಲ್ಲಿ ಎರಡನ್ನೂ ಮೊದಲೇ ಹೋಲಿಸಿ ನೋಡುವುದು ಲೇಸು.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲು ಹೊಸದನ್ನು ಅಂಗೀಕರಿಸಿತು. ಅದರಲ್ಲಿ ದಿನಗಳು 125. ಮೊದಲು ಕೂಲಿಯ ಹಣವೆಲ್ಲ ಕೇಂದ್ರದ್ದು; ಈಗ ಹೆಚ್ಚಿನ ರಾಜ್ಯಗಳಿಗೆ ವೆಚ್ಚದ ಹಂಚಿಕೆ 60:40. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಲು ರಾಜ್ಯಗಳಿಗೆ ಅವಕಾಶವಿದೆ. ಸುಗ್ಗಿ ಎಲ್ಲ ಕಡೆ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಆ ದಿನಗಳು ಯಾವುವೆಂದು ಸದಸ್ಯರು ತಮ್ಮ ತಮ್ಮ ಪಂಚಾಯತಿಯಲ್ಲೇ ವಿಚಾರಿಸಬೇಕು.