ಕೊಳಗದ ನ್ಯಾಯವೂ ರಾಜ್ಯದ ನ್ಯಾಯವೂ

ನ್ಯಾಯ, ರಕ್ಷಣೆ, ಸುಶಾಸನ ಎಂಬ ಮೂರು ವಿಷಯಗಳು ರಾಜ್ಯಶಾಸ್ತ್ರದ ಗ್ರಂಥಗಳಲ್ಲಿ ಬೇರೆ ಬೇರೆ ಪ್ರಕರಣಗಳಾಗಿ ವಿವರಿಸಲ್ಪಟ್ಟಿರುವುವು. ಆದರೆ ಗದ್ದೆಯಲ್ಲಿ ದುಡಿಯುವ ಒಕ್ಕಲಿಗೆ ಇವು ಮೂರೂ ಒಂದೇ ಕಣದಲ್ಲಿ ಪರೀಕ್ಷೆಗೆ ಬರುವುವು. ಸುಗ್ಗಿಯಲ್ಲಿ ಭತ್ತವನ್ನು ಅಳೆಯುವ ಕೊಳಗವು ಸರಿಯಾಗಿದ್ದರೆ ಅದು ನ್ಯಾಯ. ಅಳೆದು ಕೊಟ್ಟ ತರುವಾಯ ಮುಂದಿನ ಮಳೆಗಾಲಕ್ಕೆ ಅದೇ ಗದ್ದೆಯಲ್ಲಿ ನೇಗಿಲು ಹೂಡಬಹುದೆಂಬ ಧೈರ್ಯವಿದ್ದರೆ ಅದು ರಕ್ಷಣೆ. ಇವೆರಡಕ್ಕೂ ಚ್ಯುತಿ ಬಂದಾಗ ತನ್ನ ಮಾತಿನಲ್ಲಿಯೇ ದೂರು ಹೇಳಿಕೊಂಡು ಪರಿಹಾರವನ್ನು ಪಡೆಯಲು ಒಂದು ಕಚೇರಿಯಿದ್ದರೆ ಅದು ಸುಶಾಸನ. ಮೈಸೂರು ವಿಧಾನಸಭೆಯಲ್ಲಿ ಈ ತತ್ತ್ವವನ್ನು ಬಾಳಿನುದ್ದಕ್ಕೂ ಎತ್ತಿ ಹಿಡಿದವರಲ್ಲಿ ಮಲೆನಾಡಿನ ಶಾಂತವೇರಿ ಗೋಪಾಲಗೌಡರು ಅಗ್ರಗಣ್ಯರು.

ಗೋಪಾಲಗೌಡರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ನೆಯ ಇಸವಿ ಮಾರ್ಚಿ 14ರಂದು ಜನಿಸಿದರು. ವಿದ್ಯಾರ್ಥಿದೆಸೆಯಲ್ಲಿಯೇ 1942ರ ಚಳವಳಿಯಲ್ಲಿ ಧುಮುಕಿ ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯವು ಲಭಿಸಿದ ಮೇಲೆ ಅನೇಕರು ಅಧಿಕಾರದ ಕಡೆಗೆ ಮುಖಮಾಡಿದರೆ, ಇವರು ಸಮಾಜವಾದಿ ಪಕ್ಷವನ್ನು ಸೇರಿ ಹಳ್ಳಿಯ ದಾರಿಯನ್ನು ಹಿಡಿದರು. ಆ ದಾರಿಯು ಅವರನ್ನು ಸಾಗರ ತಾಲ್ಲೂಕಿನ ಕಾಗೋಡಿಗೆ ಕೊಂಡೊಯ್ದಿತು.

ಅಂದಿನ ಮಲೆನಾಡಿನ ಗೇಣಿಪದ್ಧತಿಯನ್ನು ತಿಳಿಯದೆ ಕಾಗೋಡಿನ ವೃತ್ತಾಂತವು ಅರ್ಥವಾಗಲಾರದು. ಗದ್ದೆಯ ಒಡೆತನವು ಕೆಲವೇ ಮನೆತನಗಳದು. ಉಳುವವರು ಬಹುಮಟ್ಟಿಗೆ ದೀವರ ಜನಾಂಗದ ಗೇಣಿದಾರರು. ಬೆಳೆ ಬಂದಾಗ ಗೊತ್ತಾದಷ್ಟು ಕೊಳಗ ಭತ್ತವನ್ನು ಒಡೆಯರ ಮನೆಗೆ ಅಳೆದು ಕೊಡಬೇಕು. ಗೇಣಿಗೆ ಹಿಡಿಯುವ ಕೊಳಗವು ವಾಡಿಕೆಯ ಕೊಳಗಕ್ಕಿಂತ ಹಿರಿದಾಗಿರುವುದೆಂಬುದೂ, ಕೊಟ್ಟ ಗೇಣಿಗೆ ರಶೀತಿಯಿಲ್ಲವೆಂಬುದೂ ಒಕ್ಕಲುಗಳ ಮುಖ್ಯ ದೂರುಗಳಾಗಿದ್ದುವು. ರಶೀತಿಯಿಲ್ಲದವನು ತಾನು ಆ ಭೂಮಿಯ ಗೇಣಿದಾರನೆಂಬುದನ್ನೇ ನ್ಯಾಯಾಲಯದಲ್ಲಿ ಸಾಧಿಸಲಾರನು. ತಲೆಮಾರುಗಳಿಂದ ಉತ್ತ ಗದ್ದೆಯಿಂದ ಅವನನ್ನು ಎಬ್ಬಿಸುವುದಕ್ಕೆ ಒಡೆಯರ ಒಂದು ಮಾತು ಸಾಕಾಗಿತ್ತು. ಇದರ ಜೊತೆಗೆ ಉಡುವ ಬಟ್ಟೆಯಲ್ಲಿ, ನಿಲ್ಲುವ ಠಾವಿನಲ್ಲಿ, ಆಡುವ ಮಾತಿನಲ್ಲಿ ತಗ್ಗಿ ನಡೆಯಬೇಕಾದ ಅವಮಾನವೂ ಇತ್ತು.

ಎಚ್. ಗಣಪತಿಯಪ್ಪನವರು ಸಾಗರ ಪ್ರಾಂತದಲ್ಲಿ ರೈತಸಂಘವನ್ನು ಕಟ್ಟಿ ಈ ಒಕ್ಕಲುಗಳಿಗೆ ಬಾಯಿ ಕೊಟ್ಟರು. ಸಂಧಾನಗಳು ಫಲಿಸದೆ ಒಕ್ಕಲುಗಳು ಗದ್ದೆಗೆ ಇಳಿಯದಂತಾದಾಗ, 1951ರ ಏಪ್ರಿಲಿನಲ್ಲಿ ಸತ್ಯಾಗ್ರಹವು ಆರಂಭವಾಯಿತು. ಅದರ ರೀತಿಯು ಅತ್ಯಂತ ಸರಳವಾದುದು: ತಂಡತಂಡವಾಗಿ ನೇಗಿಲನ್ನು ಹೊತ್ತು ಗದ್ದೆಗೆ ಇಳಿಯುವುದು, ಉಳುವುದು, ಪೋಲೀಸರು ಬಂದರೆ ಎದುರಾಡದೆ ಸೆರೆಗೆ ಹೋಗುವುದು. ಸಮಾಜವಾದಿ ಪಕ್ಷವು ಈ ಹೋರಾಟಕ್ಕೆ ಹೆಗಲು ಕೊಟ್ಟಿತು. ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರಾದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದು ಸತ್ಯಾಗ್ರಹಿಗಳೊಡನೆ ಬಂಧಿತರಾದುದರಿಂದ, ಒಂದು ಕುಗ್ರಾಮದ ಕೊಳಗದ ಜಗಳವು ದೇಶದ ಗಮನವನ್ನು ಸೆಳೆಯಿತು.

ತತ್ಕಾಲಕ್ಕೆ ಒಕ್ಕಲುಗಳಿಗೆ ಜಯವು ದೊರೆಯಲಿಲ್ಲ. ಆದರೆ 1952ರ ಮೊದಲನೆಯ ಮಹಾಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದ ಮತದಾರರು ಇಪ್ಪತ್ತೊಂಬತ್ತು ವರ್ಷ ವಯಸ್ಸಿನ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಕಣದಲ್ಲಿ ಕೇಳಿಸದೆ ಹೋದ ಮೊರೆಯು ಹೀಗೆ ರಾಜಧಾನಿಯ ಸಭಾಮಂದಿರವನ್ನು ಪ್ರವೇಶಿಸಿತು.

ಭೂಮಿಯು ಉಳುವವನದಾಗಬೇಕೆಂಬುದು ನ್ಯಾಯದ ವಿಷಯದಲ್ಲಿ ಅವರ ಮೂಲಸೂತ್ರ. ಗೇಣಿಯ ಪ್ರಮಾಣವನ್ನು ತಗ್ಗಿಸಿದ ಮಾತ್ರಕ್ಕೆ ಧರ್ಮವು ನೆಲೆಗೊಂಡಂತಾಗದೆಂದು ಅವರು ಭಾವಿಸಿದ್ದರು. ಅಂದು ಕಂದಾಯಮಂತ್ರಿಗಳಾಗಿದ್ದ ಕಡಿದಾಳು ಮಂಜಪ್ಪನವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಗೇಣಿದಾರರ ಕಷ್ಟವನ್ನು ಅರಿತವರೇ. 1952ರ ಮೈಸೂರು ಗೇಣಿ ಶಾಸನವು ಗೇಣಿಗೆ ಮಿತಿಯನ್ನು ಹಾಕುವ, ಒಕ್ಕಲನ್ನು ನಿಷ್ಕಾರಣವಾಗಿ ಎಬ್ಬಿಸುವುದನ್ನು ತಡೆಯುವ ಉದ್ದೇಶದಿಂದ ಬಂದಿತು. ಒಂದೇ ತಾಲ್ಲೂಕಿನ ಇಬ್ಬರಲ್ಲಿ ಒಬ್ಬರು ಸರ್ಕಾರದಲ್ಲಿ ಕುಳಿತು ಸಾಧ್ಯವಾದಷ್ಟನ್ನು ಮಾಡಿದರು. ಇನ್ನೊಬ್ಬರು ವಿರೋಧಪಕ್ಷದಲ್ಲಿ ನಿಂತು ಆಗಬೇಕಾದುದಿನ್ನೂ ಉಳಿದಿದೆಯೆಂದು ಎಚ್ಚರಿಸಿದರು. ರಾಜ್ಯಕ್ಕೆ ಈ ಇಬ್ಬರೂ ಬೇಕಾಗಿದ್ದರು.

ರಕ್ಷಣೆಯೆಂಬ ಮಾತಿಗೆ ಸಾಮಾನ್ಯವಾಗಿ ಪೋಲೀಸು, ಠಾಣೆ, ಕಳ್ಳಕಾಕರ ನಿಗ್ರಹ ಎಂಬ ಅರ್ಥವೇ ರೂಢಿಯಲ್ಲಿದೆ. ಕಾಗೋಡಿನಲ್ಲಿ ಆ ಅರ್ಥವು ಸಾಲದೆಹೋಯಿತು. ಅಲ್ಲಿ ಶಾಂತಿರಕ್ಷಣೆಗೆಂದು ಬಂದ ಬಲವು ಉಳುವವನನ್ನೇ ಹಿಡಿದೊಯ್ದಿತು. ಗೋಪಾಲಗೌಡರ ರಾಜಕಾರಣವು ಆ ಗದ್ದೆಯಲ್ಲಿ ಕಲಿತ ಪಾಠವಿದು: ಕೃಷಿಕನ ಹೆಸರು ಪಹಣಿಯಲ್ಲಿ ದಾಖಲಾಗದ ತನಕ ಅವನಿಗೆ ರಕ್ಷಣೆಯೆಂಬುದು ಬರಿಯ ಮಾತು. ಎಲ್ಲ ಭಯಗಳಿಗಿಂತಲೂ ಹೆಚ್ಚಿನದು ನೆಲ ತಪ್ಪುವ ಭಯ. ಅದನ್ನು ನೀಗಿಸದ ಶಾಂತಿಯು ಬಲವಂತನ ಶಾಂತಿಯೇ ಆಗುವುದು. ತರುವಾಯ ಬಂದ 1961ರ ಭೂಸುಧಾರಣಾ ಶಾಸನವು 1965ರಲ್ಲಿ ಆಚರಣೆಗೆ ಬಂದಿತಾದರೂ, ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಒಡೆಯರಿಗೆ ಉಳಿಸಿತ್ತು. ಆ ಭಯವು ಹಾಗೆಯೇ ಮುಂದುವರಿಯಿತು.

ಸುಶಾಸನದ ವಿಷಯದಲ್ಲಿ ಅವರ ಆಗ್ರಹವು ಭಾಷೆಯಿಂದ ಮೊದಲಾಗುತ್ತಿತ್ತು. ಆಳುವವರ ಮಾತು ಆಳಿಸಿಕೊಳ್ಳುವವರಿಗೆ ತಿಳಿಯದಿದ್ದರೆ ಪ್ರಜಾಪ್ರಭುತ್ವವು ಹೆಸರಿಗೆ ಮಾತ್ರ ಇರುವುದು. ಆದುದರಿಂದ ಸಭೆಯಲ್ಲಿ ಅವರು ಕನ್ನಡದಲ್ಲಿಯೇ ವಾದಿಸಿದರು. ಕಚೇರಿಗಳಲ್ಲಿಯೂ ಕನ್ನಡವು ನಡೆಯಬೇಕೆಂದು ಒತ್ತಾಯಿಸಿದರು. 1963ರ ಆಡಳಿತಭಾಷಾ ಶಾಸನದಿಂದ ಕನ್ನಡಕ್ಕೆ ರಾಜ್ಯದಲ್ಲಿ ಅಧಿಕೃತ ಸ್ಥಾನವು ದೊರೆಯಿತು. ಸಮಾಜವಾದಿ ಪಕ್ಷದಿಂದಲೇ 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾದ ಜೆ. ಎಚ್. ಪಟೇಲರು ದೆಹಲಿಯ ಸಭಾಮಂದಿರದಲ್ಲಿ ಕನ್ನಡದಲ್ಲಿ ಭಾಷಣ ಮಾಡಿದುದು ಈ ಪರಂಪರೆಯ ಮುಂದುವರಿಕೆಯೇ ಸರಿ.

ಕರ್ನಾಟಕದ ಏಕೀಕರಣದ ಪ್ರಸಂಗದಲ್ಲಿ ಗೋಪಾಲಗೌಡರ ನಿಷ್ಪಕ್ಷಪಾತವು ಇನ್ನಷ್ಟು ಬೆಳಗಿತು. ಹಳೆಯ ಮೈಸೂರಿನ ಕೆಲವು ಮುಂದಾಳುಗಳು, ಉತ್ತರದ ಜಿಲ್ಲೆಗಳು ಸೇರಿದರೆ ಜನಾಂಗಗಳ ಬಲಾಬಲವು ವ್ಯತ್ಯಾಸವಾಗಿ ಲಿಂಗಾಯತರ ಸಂಖ್ಯೆಯು ಹೆಚ್ಚುವುದೆಂಬ ಲೆಕ್ಕದಿಂದ ಹಿಂಜರಿದುದು ಇತಿಹಾಸವು ಬಲ್ಲ ಸಂಗತಿ. ಗೋಪಾಲಗೌಡರು ಜನ್ಮತಃ ಒಕ್ಕಲಿಗರು. ಆದರೂ ಆ ಲೆಕ್ಕವನ್ನು ಬದಿಗೊತ್ತಿ ಏಕೀಕರಣವನ್ನು ಬೆಂಬಲಿಸಿದರು. 1956ರ ನವೆಂಬರ್ 1ರಂದು ಕನ್ನಡಿಗರು ಒಂದಾದಾಗ, ಆ ಐಕ್ಯಕ್ಕೆ ಅವರ ದನಿಯೂ ನೆರವಾಗಿತ್ತು. ಸ್ವಜನರ ಲಾಭನಷ್ಟಗಳನ್ನು ತೂಗದೆ ಮಾತನಾಡುವವನ ಮಾತಿಗೆ ಮಾತ್ರ ನ್ಯಾಯದ ತೂಕವಿರುವುದು.

1957ರ ಚುನಾವಣೆಯಲ್ಲಿ ಅವರು ಸೋತರು. 1962ರಲ್ಲಿಯೂ 1967ರಲ್ಲಿಯೂ ಮತ್ತೆ ಗೆದ್ದರು. ಅಧಿಕಾರವನ್ನು ಹಿಡಿಯಲಿಲ್ಲ, ಸಿರಿಯನ್ನು ಕೂಡಿಸಲಿಲ್ಲ. ಅನಾರೋಗ್ಯದಿಂದ ಬಳಲಿ, 1972ರ ಜೂನ್ 9ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು.

ಡಿ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಶಾಸನವು 1974ರ ಮಾರ್ಚಿ 1ರಿಂದ ಜಾರಿಗೆ ಬಂದಿತು. ಗೇಣಿಗೆ ಕೊಟ್ಟ ಭೂಮಿಯು ಸರ್ಕಾರದಲ್ಲಿ ವಿಲೀನವಾಗಿ, ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಸಲ್ಲಿಸಿದ ಗೇಣಿದಾರನಿಗೆ ಭೂನ್ಯಾಯಮಂಡಲಿಯ ಮೂಲಕ ಒಡೆತನವು ಬರುವಂತಾಯಿತು. ಗೋಪಾಲಗೌಡರು ಇದನ್ನು ಕಾಣಲು ಬದುಕಿರಲಿಲ್ಲ. ಆದರೆ ಕಾಗೋಡಿನ ಕಣದಲ್ಲಿ ಕೇಳಿದ ಪ್ರಶ್ನೆಗೆ ಇಪ್ಪತ್ತಮೂರು ವರ್ಷಗಳ ತರುವಾಯ ಉತ್ತರವು ದೊರೆತಂತಾಯಿತು. ಆ ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷಪೀಠವನ್ನೇರಿ, 2016ರಿಂದ 2018ರವರೆಗೆ ಕಂದಾಯಮಂತ್ರಿಗಳಾಗಿದ್ದುದನ್ನು ಸ್ಮರಿಸಿದರೆ, ಕಾಲಚಕ್ರದ ಗತಿಯು ತಾನಾಗಿಯೇ ವ್ಯಕ್ತವಾಗುವುದು.

ಈ ಚರಿತ್ರೆಯನ್ನು ಮಠವೊಂದರ ಸಂಚಿಕೆಯಲ್ಲಿ ಬರೆಯುವಾಗ ಒಂದು ಸತ್ಯವನ್ನು ಮರೆಮಾಚಲಾಗದು. ಮಲೆನಾಡಿನ ಭೂಮಾಲೀಕರಲ್ಲಿ ಬ್ರಾಹ್ಮಣರಿದ್ದಂತೆ ಲಿಂಗಾಯತರೂ ಇದ್ದರು. ಕಾಗೋಡಿನ ಒಕ್ಕಲುಗಳು ಎದುರಿಸಿದ ಒಡೆಯರ ಮನೆಯೂ ಶರಣರ ನಾಮವನ್ನು ಸ್ಮರಿಸುವ ಮನೆಯೇ. ಮಠಗಳೂ ಇನಾಮುಭೂಮಿಯನ್ನು ಪಡೆದು ಗೇಣಿಯಿಂದ ದಾಸೋಹವನ್ನು ನಡೆಸಿದುವು. 1955ರ ಧಾರ್ಮಿಕ ಇನಾಮುಗಳ ರದ್ದಿಯಾತಿಯಿಂದಲೂ 1974ರ ಶಾಸನದಿಂದಲೂ ಮಠಗಳ ಗದ್ದೆಗಳು ಉಳುವವರ ಕೈಸೇರಿದುವು. ನಷ್ಟವನ್ನು ಅನುಭವಿಸಿದವರಲ್ಲಿ ಚಿಕ್ಕ ಹಿಡುವಳಿಯ ವಿಧವೆಯರೂ ವೃದ್ಧರೂ ಇದ್ದರೆಂಬುದನ್ನು ಅಲ್ಲಗಳೆಯಲಾಗದು; ಅವರ ದುಃಖವೂ ದುಃಖವೇ. ಆದರೆ ಗೇಣಿಯ ಭತ್ತ ನಿಂತುಹೋದ ಮೇಲೂ ಅನೇಕ ಮಠಗಳಲ್ಲಿ ಪಂಕ್ತಿಯು ನಿಲ್ಲಲಿಲ್ಲ. ಭಕ್ತರು ತಮ್ಮ ದುಡಿಮೆಯ ಪಾಲನ್ನು ತಾವಾಗಿಯೇ ಹೊತ್ತು ತಂದರು.

ಇದು ಶರಣಧರ್ಮಕ್ಕೆ ಹೊಸತಲ್ಲ. ಆಯ್ದಕ್ಕಿಯ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಲೆಯ ಮೇಲಿಡಲು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯು ಪ್ರತಿ ಮಠದಲ್ಲಿಯೂ ಹೇಳಲ್ಪಡುವುದು. ಅಳತೆ ಮೀರಿದ ಕಾಳು ಶಿವಾರ್ಪಿತವಾಗದೆಂಬುದೇ ಅದರ ಸಾರ. ಹಿರಿಗೊಳಗದಿಂದ ಅಳೆದ ಭತ್ತವನ್ನು ಆ ಮಹಾತಾಯಿಯು ತನ್ನ ಮನೆಗೆ ಸೇರಿಸುತ್ತಿದ್ದಳೇ? ಗೋಪಾಲಗೌಡರು ಸಮಾಜವಾದದ ಮಾತಿನಲ್ಲಿ ಕೇಳಿದುದೂ ಇದನ್ನೇ. ಮಠದ ಉಗ್ರಾಣವಾಗಲಿ ರಾಜ್ಯದ ಬೊಕ್ಕಸವಾಗಲಿ, ತುಂಬುವ ಮೊದಲು ತನ್ನ ಕೊಳಗವನ್ನು ಪರೀಕ್ಷಿಸಿಕೊಳ್ಳಲಿ. ಆಗ ದಾಸೋಹವೂ ಸುಶಾಸನವೂ ತಮ್ಮ ಹೆಸರಿಗೆ ತಕ್ಕಂತೆ ಬಾಳುವುವು.