ಕಾಫಿ ಕೊಯ್ಲು ಮತ್ತು ಶಾಲಾ ವರ್ಷ: ಒಂದು ಸಿದ್ಧಾಂತದ ಮರುಪರಿಶೀಲನೆ

ಶಾಲೆ ದುಡಿಮೆಯ ಜಗತ್ತಿನ ಪಡಿಯಚ್ಚು ಎಂಬ ವಾದವನ್ನು ಸ್ಯಾಮ್ಯುಯೆಲ್ ಬೋಲ್ಸ್ ಮತ್ತು ಹರ್ಬರ್ಟ್ ಗಿಂಟಿಸ್ 1976ರಲ್ಲಿ ಅಮೆರಿಕದ ಶಾಲೆಗಳನ್ನು ಆಧರಿಸಿ ಮಂಡಿಸಿದರು. ಅದಕ್ಕೂ ಮೊದಲೇ ಬೂರ್ದಿಯು ಮತ್ತು ಪಾಸರೋನ್ (1970) ಮನೆಯ ಸಂಸ್ಕೃತಿಯ ಪಾತ್ರವನ್ನು ವಿವರಿಸಿದ್ದರು. ಪಾಲ್ ವಿಲ್ಲಿಸ್ (1977) ಮಕ್ಕಳ ಪ್ರತಿರೋಧವನ್ನು ಚರ್ಚೆಗೆ ತಂದರು. ಶಾಲೆ ಅಸಮಾನತೆಯನ್ನು ಮುಂದುವರಿಸಬಲ್ಲದು ಎಂಬುದರಲ್ಲಿ ಈಗ ಹೆಚ್ಚಿನ ಭಿನ್ನಮತವಿಲ್ಲ. ತಕರಾರಿರುವುದು ಅದು ಹೇಗೆ ಎಂಬುದರಲ್ಲಿ.

ಆದರೆ ಹೊರನಾಡು, ಕಳಸ, ಮೂಡಿಗೆರೆಯ ಕಾಫಿ ಸೀಮೆಗೆ ಬೋಲ್ಸ್–ಗಿಂಟಿಸ್ ಸೂತ್ರ ಸರಿಹೊಂದುವುದಿಲ್ಲ. ಇಲ್ಲಿ ಶಾಲೆಗೂ ತೋಟಕ್ಕೂ ಹೋಲಿಕೆಗಿಂತ ಘರ್ಷಣೆಯೇ ಹೆಚ್ಚು. ಶಾಲಾ ವರ್ಷ ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಅರೇಬಿಕಾ ಕೊಯ್ಲು ಸುಮಾರು ನವೆಂಬರ್‌ನಿಂದ ಜನವರಿವರೆಗೆ. ಅದರ ಬೆನ್ನಿಗೇ ರೋಬಸ್ಟಾ. ಪಾಠಗಳು ಮುಗಿದು ಪರೀಕ್ಷೆಗೆ ಅಣಿಯಾಗುವ ತಿಂಗಳುಗಳಲ್ಲೇ ತೋಟಕ್ಕೆ ಅತಿ ಹೆಚ್ಚು ಕೈಗಳು ಬೇಕು. ಕೆ.ಜಿ. ಲೆಕ್ಕದ ಕೊಯ್ಲಿನಲ್ಲಿ, ಸಂಜೆ ಹಣ್ಣಿನ ಚೀಲ ತೂಗಿದಾಗ ತೋಟದ ಗುಮಾಸ್ತ, ಅಂದರೆ ರೈಟರ್, ಬರೆದುಕೊಳ್ಳುವ ಅಂಕಿಯೇ ಆ ದಿನದ ಸಂಪಾದನೆ. ತಾಯಿ ಗಿಡ ಬಿಟ್ಟು ಬರಲಾರಳು. ಕಾರ್ಮಿಕರ ಸಾಲುಮನೆಯಲ್ಲಿ (ಲೈನ್ ಮನೆ) ಕೂಸನ್ನು ನೋಡಿಕೊಳ್ಳಲು ಹಿರಿಮಗಳು ಉಳಿಯುತ್ತಾಳೆ. ಕೂಲಿ ಪಡೆಯದ ಆಕೆ ಬಾಲಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಾಗುತ್ತಾಳೆ, ಅಷ್ಟೆ.

ಕಾನೂನು ಇದನ್ನು ಗಮನಿಸಿರಲಿಲ್ಲ ಎನ್ನಲಾಗದು. 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೊಠಡಿಯನ್ನು ವಿಧಿಸಿತು. ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಿಕ್ಷಣದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಂಥ ಕಡೆ ಈ ಸಂಖ್ಯೆಗಳು ಕೂಡಿಬರುವುದು ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವಿಗೆ ಶಾಲೆಯ ಬಾಗಿಲು ತೆರೆಯಿತು. ಕೂಸನ್ನು ಯಾರ ಕೈಗೊಪ್ಪಿಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆದ್ದರಿಂದ, ಕನಿಷ್ಠ ಈ ಸೀಮೆಯ ಮಟ್ಟಿಗೆ, ಬೋಲ್ಸ್–ಗಿಂಟಿಸ್ ಹೇಳುವಂತೆ ಶಾಲೆ ಕಲಿಸುವ ವಿಧೇಯತೆಗಿಂತ ಶಾಲೆಗೆ ತಪ್ಪಿದ ದಿನಗಳೇ ಕೂಲಿಯ ಮಗಳನ್ನು ಕೂಲಿಗೆ ಮರಳಿಸುತ್ತವೆ ಎಂಬುದು ನನ್ನ ವಾದ. ಇದಕ್ಕೆ ಮಿತಿಗಳುಂಟು. ಕಾಯಂ ಕಾರ್ಮಿಕರ ಮಕ್ಕಳಿಗೂ ಕೊಯ್ಲಿಗೆಂದು ವಲಸೆ ಬಂದವರ ಮಕ್ಕಳಿಗೂ ಇದು ಒಂದೇ ಬಗೆಯಲ್ಲಿ ಅನ್ವಯಿಸಲಾರದು. ಬಿಸಿಯೂಟದ ಸೆಳೆತ ಎದುರು ದಿಕ್ಕಿನಲ್ಲಿ ಕೆಲಸ ಮಾಡಬಹುದು. ಜಾತಿ ಮತ್ತು ಭೂಹೀನತೆಯ ಭಾರವನ್ನಂತೂ ಶಾಲಾ ವೇಳಾಪಟ್ಟಿಯೊಂದರಿಂದ ವಿವರಿಸಲಾಗದು.

ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ಇನ್ನೂ ತೀರ್ಮಾನವಾಗಬೇಕಾದ ಸಂಗತಿ. ಸರ್ಕಾರಿ ಶಾಲೆಗಳ ಹಾಜರಿಯನ್ನು ವಾರ್ಷಿಕ ಸರಾಸರಿಯಲ್ಲಿ ನೋಡುವುದನ್ನು ಬಿಟ್ಟು, ತಿಂಗಳುವಾರು, ಹುಡುಗಿಯರದ್ದನ್ನು ಪ್ರತ್ಯೇಕವಾಗಿ, ಕೊಯ್ಲಿನ ಅವಧಿಯೊಡನೆ ಇಟ್ಟು ಪರಿಶೀಲಿಸಬೇಕು. ಆ ಕೆಲಸವನ್ನು ಈ ಭಾಗದ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳಲಿ.