ಬೀಗ ಹಾಕಿದ ಸಂಶೋಧನೆ: ಒಂದು ಭಾಷಾವಿಜ್ಞಾನ ಪತ್ರಿಕೆಯ ಕಥೆ

'ಹಾಲು' ಎಂಬ ಪದವನ್ನೇ ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಇದು 'ಪಾಲ್'. ತಮಿಳಿನಲ್ಲಿ 'ಪಾಲ್', ತೆಲುಗಿನಲ್ಲಿ 'ಪಾಲು'. ಹೀಗೆ ಒಂದೇ ಮೂಲದಿಂದ ಬಂದ ಪದಗಳನ್ನು ಜೋಡಿಸಿ ನೋಡಲು ಬರೋ ಮತ್ತು ಎಮೆನೊ ಅವರ 'ದ್ರಾವಿಡ ವ್ಯುತ್ಪತ್ತಿ ಕೋಶ'ವನ್ನು ತೆರೆಯಬೇಕು. 1961ರಲ್ಲಿ ಮೊದಲು ಪ್ರಕಟವಾದ ಈ ಕೋಶದ ಎರಡನೆಯ ಆವೃತ್ತಿ 1984ರಲ್ಲಿ ಬಂತು. ಇಂದು ಷಿಕಾಗೊ ವಿಶ್ವವಿದ್ಯಾಲಯದ ಅಂತರಜಾಲ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಇದರಲ್ಲಿ ಪದಗಳನ್ನು ಹುಡುಕಬಹುದು. ಶುಲ್ಕವಿಲ್ಲ.

ಆದರೆ ಇದೇ ವಿಷಯದ ಮೇಲೆ ಇತ್ತೀಚೆಗೆ ಪ್ರಕಟವಾದ ಸಂಶೋಧನ ಲೇಖನವನ್ನು ಹುಡುಕಿ ನೋಡಿ. ಹಲವು ಬಾರಿ ಸಾರಾಂಶ ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಹಣ ತೆರಬೇಕು. ಸಾಮಾನ್ಯವಾಗಿ ಇಂಥ ಲೇಖನ ಬರೆದ ಪ್ರಾಧ್ಯಾಪಕರಿಗೆ ಪತ್ರಿಕೆಯಿಂದ ಸಂಭಾವನೆ ಇಲ್ಲ. ಅದನ್ನು ಪರಿಶೀಲಿಸಿದ ತಜ್ಞರಿಗೂ ಇಲ್ಲ. ಆದರೂ ಅವರದೇ ವಿಶ್ವವಿದ್ಯಾಲಯದ ಗ್ರಂಥಾಲಯ ದುಬಾರಿ ಚಂದಾ ಕೊಟ್ಟು ಪತ್ರಿಕೆಯನ್ನು ಕೊಳ್ಳಬೇಕು! ಚಂದಾ ಕಟ್ಟಲಾಗದ ಕಾಲೇಜಿನ ಅಧ್ಯಾಪಕರು ಏನು ಮಾಡಬೇಕು? ಈ ಪ್ರಶ್ನೆಯಿಂದಲೇ 'ಮುಕ್ತ ಲಭ್ಯತೆ'ಯ ಚಳವಳಿ ಬೆಳೆಯಿತು.

ಈ ಚಳವಳಿ ವಿಜ್ಞಾನದಲ್ಲಿ ಹುಟ್ಟಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ 1991ರಲ್ಲಿ ಆರಂಭಿಸಿದ 'ಆರ್ಕೈವ್' ಭಂಡಾರ ನಿಮಗೆ ಗೊತ್ತಿರಬಹುದು. ಆದರೆ ಅದಕ್ಕೂ ಒಂದು ವರ್ಷ ಮೊದಲು, 1990ರಲ್ಲಿ, ಗ್ರೀಕ್ ಮತ್ತು ಲ್ಯಾಟಿನ್ ಅಧ್ಯಯನದ ಗ್ರಂಥಗಳನ್ನು ವಿಮರ್ಶಿಸುವ 'ಬ್ರಿನ್ ಮಾರ್ ಕ್ಲಾಸಿಕಲ್ ರಿವ್ಯೂ' ಉಚಿತವಾಗಿ ಇ-ಮೇಲ್ ಮೂಲಕ ಓದುಗರನ್ನು ತಲಪತೊಡಗಿತ್ತು!

ಹಾಗಿದ್ದರೂ ಮುಂದೆ ವಿಜ್ಞಾನವೇ ವೇಗವಾಗಿ ಸಾಗಿತು. ಕಾರಣ ಸರಳ. ಮುಕ್ತ ಪ್ರಕಟಣೆಗೂ ಖರ್ಚಿದೆ. ಅನೇಕ ಪತ್ರಿಕೆಗಳು ಅದನ್ನು ಲೇಖಕರಿಂದ ಶುಲ್ಕವಾಗಿ ಪಡೆಯುತ್ತವೆ. ವಿಜ್ಞಾನದಲ್ಲಿ ಯೋಜನೆಯ ಅನುದಾನದಿಂದ ಇದನ್ನು ಭರಿಸಬಹುದು. ಇತಿಹಾಸ, ಸಾಹಿತ್ಯಗಳ ಸಂಶೋಧಕರಿಗೆ ಅಂಥ ಅನುದಾನ ಅಪರೂಪ. ಜೊತೆಗೆ, ಅವರ ಮುಖ್ಯ ಕೃತಿ ನಾಲ್ಕು ಪುಟದ ಲೇಖನವಲ್ಲ, ನಾನೂರು ಪುಟದ ಗ್ರಂಥ. 2002ರ ಬುಡಾಪೆಸ್ಟ್ ಘೋಷಣೆಯ ಮರುವರ್ಷ ಹೊರಬಂದ ಬರ್ಲಿನ್ ಘೋಷಣೆ ವಿಜ್ಞಾನದೊಂದಿಗೆ ಮಾನವಿಕ ಶಾಸ್ತ್ರಗಳನ್ನೂ ಹೆಸರಿಸಿತು. ಆದರೆ ಹಣದ ಪ್ರಶ್ನೆ ಹಾಗೆಯೇ ಉಳಿಯಿತು.

ಈಗ 'ಲಿಂಗ್ವಾ' ಪತ್ರಿಕೆಯ ಕಥೆಗೆ ಬನ್ನಿ. 1949ರಲ್ಲಿ ಆರಂಭವಾದ ಇದು ಭಾಷಾವಿಜ್ಞಾನದ ಗಣ್ಯ ಪತ್ರಿಕೆ. ಪ್ರಕಾಶಕರು ಎಲ್ಸೆವಿಯರ್. 2015ರಲ್ಲಿ ಪ್ರಧಾನ ಸಂಪಾದಕ ಯೋಹಾನ್ ರೂರಿಕ್ ಮತ್ತು ಸಂಗಡಿಗರು ಕೆಲವು ಬೇಡಿಕೆಗಳನ್ನು ಮುಂದಿಟ್ಟರು: ಎಲ್ಲ ಲೇಖನಗಳೂ ಮುಕ್ತವಾಗಿರಲಿ, ಲೇಖಕರ ಶುಲ್ಕ ಕಡಿಮೆ ಇರಲಿ, ಪತ್ರಿಕೆಯ ಹೆಸರಿನ ಒಡೆತನ ಸಂಪಾದಕರಿಗೆ ಬರಲಿ. ಪ್ರಕಾಶಕರು ಒಪ್ಪಲಿಲ್ಲ. ಆಗ 6 ಮಂದಿ ಸಂಪಾದಕರೂ ಸಂಪಾದಕ ಮಂಡಳಿಯ 31 ಸದಸ್ಯರೂ ಒಟ್ಟಾಗಿ ರಾಜೀನಾಮೆ ಕೊಟ್ಟರು! 2016ರಲ್ಲಿ 'ಗ್ಲೋಸಾ' ಎಂಬ ಮುಕ್ತ ಪತ್ರಿಕೆಯನ್ನು ಹೊರತಂದರು.

ಇಲ್ಲಿ ಅಪಾಯವೂ ಇತ್ತೆಂಬುದನ್ನು ಗಮನಿಸಿ. ಎಳೆಯ ಸಂಶೋಧಕರ ನೇಮಕ, ಬಡ್ತಿಗಳು ಲೇಖನ ಪ್ರಕಟವಾದ ಪತ್ರಿಕೆಯ ಹೆಸರನ್ನು ಅವಲಂಬಿಸುತ್ತವೆ. ಹೊಸ ಪತ್ರಿಕೆಗೆ ಹೆಸರೆಲ್ಲಿ? ಹಳೆಯ ಹೆಸರು ಪ್ರಕಾಶಕರಲ್ಲೇ ಉಳಿಯಿತು. 'ಲಿಂಗ್ವಾ' ಹೊಸ ಸಂಪಾದಕರೊಂದಿಗೆ ಮುಂದುವರಿಯಿತು. ಆದರೆ ಪತ್ರಿಕೆಯ ಮೇಲಿನ ವಿಶ್ವಾಸ ಎಂದರೆ ಅದನ್ನು ನಡೆಸುವ ವಿದ್ವಾಂಸರ ಮೇಲಿನ ವಿಶ್ವಾಸವೇ ತಾನೆ? ಅದು ಅವರೊಂದಿಗೇ ಸಾಗಿತು. 'ಗ್ಲೋಸಾ' ನೆಲೆಯೂರಿತು.

ಹಾಗಾದರೆ ಖರ್ಚು ಯಾರದು? 2015ರಲ್ಲಿ ಮಾರ್ಟಿನ್ ಈವ್ ಮತ್ತು ಕ್ಯಾರೊಲಿನ್ ಎಡ್ವರ್ಡ್ಸ್ ಕಟ್ಟಿದ 'ಓಪನ್ ಲೈಬ್ರರಿ ಆಫ್ ಹ್ಯುಮ್ಯಾನಿಟೀಸ್' ಇದಕ್ಕೊಂದು ದಾರಿ ತೋರಿತು. ಅನೇಕ ಗ್ರಂಥಾಲಯಗಳು ಸ್ವಲ್ಪ ಸ್ವಲ್ಪ ಹಣ ಕೂಡಿಸುತ್ತವೆ, ಲೇಖಕರಿಗೂ ಓದುಗರಿಗೂ ಶುಲ್ಕವಿಲ್ಲ. ಊರವರೆಲ್ಲ ಸೇರಿ ಕೆರೆಯ ಹೂಳೆತ್ತಿದಂತೆ! ಈಗ 'ಗ್ಲೋಸಾ' ಪ್ರಕಟವಾಗುತ್ತಿರುವುದೂ ಇಲ್ಲಿಂದಲೇ. ಆದರೆ ಗ್ರಂಥಾಲಯಗಳು ಹಿಂದೆ ಸರಿದರೆ ಈ ಕೆರೆಯೂ ಬತ್ತುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಮುಂದಿನ ಸಲ ಲೇಖನವೊಂದು ಬೀಗ ಹಾಕಿಕೊಂಡು ಎದುರಾದರೆ ಅಲ್ಲಿಗೇ ಕೈಬಿಡಬೇಡಿ. ಲೇಖಕರ ವಿಶ್ವವಿದ್ಯಾಲಯದ ಭಂಡಾರದಲ್ಲಿ ಅದರ ಕರಡು ಪ್ರತಿ ಉಚಿತವಾಗಿ ಸಿಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಂಥ ಭಂಡಾರವನ್ನು ತೆರೆದಿದೆ. ಸಿಕ್ಕ ಲೇಖನಕ್ಕೆ ಯಾವ ಪರವಾನಗಿ ಇದೆಯೆಂಬುದನ್ನೂ ನೋಡಿ. ಓದಲು ಉಚಿತವಾದದ್ದೆಲ್ಲ ಮರುಮುದ್ರಣಕ್ಕೆ ಮುಕ್ತವಲ್ಲ. 'ಕ್ರಿಯೇಟಿವ್ ಕಾಮನ್ಸ್' ಪರವಾನಗಿ ಇದ್ದರೆ ಅದರ ಷರತ್ತುಗಳಿಗೆ ಒಳಪಟ್ಟು, ಲೇಖಕರ ಹೆಸರು ಹೇಳಿ, ಪ್ರತಿ ತೆಗೆದು ತರಗತಿಯಲ್ಲಿ ಹಂಚಬಹುದು. ಅನುವಾದಕ್ಕೂ ಅನುಮತಿ ಇದ್ದರೆ ಅದನ್ನು ಕನ್ನಡಕ್ಕೆ ತರುವವರು ನೀವೇ ಏಕಾಗಬಾರದು?